ಜಾಯಿಕಾಯಿಯ ಗಂಡು ಮರ

ಜುಲೈ 9
ಬೆಳಿಗ್ಗೆ, ಮಗುವಾಗಲೆಂದು ಅತ್ತೆ ಕೊಡುವ ಕಷಾಯ. ಕುಡಿದೆ. ಮದುವೆಯಾಗಿ ಐದು ವರ್ಷ, ಕಷಾಯಕ್ಕೆ ನಾಲ್ಕು. ಆಮೇಲೆ ಜಾಯಿಕಾಯಿ ಮರಗಳ ಬುಡ ಗುಡಿಸಿದೆ. ಹೂವೆಲ್ಲ ಉದುರಿ ನೆಲದ ಮೇಲೆ. ಈ ಸಲ ಕಾಯಿ ಒಂದೂ ನಿಂತಿಲ್ಲ. “ಯಾರ ದೃಷ್ಟಿಯೋ” ಎಂದರು ಅತ್ತೆ. ನನ್ನ ಮುಖ ನೋಡದೆ ಹೇಳಿದರು, ಅಷ್ಟು ದಾಕ್ಷಿಣ್ಯ ಉಂಟು.

ಜುಲೈ 12
ಮೂಡುಬಿದಿರೆ ಡಾಕ್ಟರ್. ಮತ್ತೆ ಸ್ಕ್ಯಾನ್. ನನ್ನಲ್ಲಿ ಏನೂ ದೋಷ ಇಲ್ಲವಂತೆ — ಹಿಂದೆಯೂ ಹೇಳಿದ್ದೇ. “ಗಂಡನದ್ದೂ ಒಂದು ಟೆಸ್ಟ್ ಮಾಡಿಸುವ” ಎಂದರು. ಮಸ್ಕತ್‌ಗೆ ಫೋನ್ ಮಾಡಿ ಇವರಿಗೆ ತಿಳಿಸಿದೆ. “ನನಗೆಂತ ಆಗಿದೆ ಮಾರಾಯ್ತಿ” ಎಂದು ಕಟ್ ಮಾಡಿದರು. ಅತ್ತೆಗೆ ಹೇಳಲಿಲ್ಲ. ಸಾಕಾಗಿದೆ.

ಜುಲೈ 20
ಕಸಿ ಕಟ್ಟುವ ಯಾಕೂಬ್ ಕೊಕ್ಕಡದಿಂದ ಬಂದರು. ಬಿದ್ದ ಹೂ ಬಿಡಿಸಿ ನೋಡಿದರು. “ಇವೆಲ್ಲ ಹೆಣ್ಣು. ಗಂಡು ಮರ ಎಲ್ಲಿ ಅಕ್ಕ?”
ಅತ್ತೆ ಕಾರ್ ಶೆಡ್ ಕಡೆ ನೋಡಿದರು. ಅಲ್ಲಿದ್ದ ಮರ ಬರೀ ಹೂ ಬಿಡುತ್ತಿತ್ತು, ಕಾಯಿ ಕೊಟ್ಟದ್ದೇ ಇಲ್ಲ. ದಂಡಪಿಂಡ ಎಂದು ಹೋದ ವರ್ಷ ಬೇಸಗೆಯಲ್ಲಿ ಕಡಿಸಿದ್ದು ಅತ್ತೆಯೇ.
“ಅದರ ಪರಾಗ ಇಲ್ಲದೆ ಇವು ಕಾಯಿ ಕಚ್ಚುವುದಿಲ್ಲ. ಇವುಗಳ ತಪ್ಪಲ್ಲ” ಎಂದರು ಯಾಕೂಬ್. “ಬೀಜ ಹಾಕಿದರೆ ಗಂಡೋ ಹೆಣ್ಣೋ ಗೊತ್ತಾಗಲಿಕ್ಕೇ ಆರೇಳು ವರ್ಷ. ಕಸಿಯಲ್ಲಿ ಆ ರಗಳೆ ಇಲ್ಲ. ಗಂಡು ಮರದ ಕುಡಿ ತಂದು ಇದರದ್ದೇ ಕೊಂಬೆಗೆ ಕಟ್ಟುವ.”
ಅತ್ತೆ ಮಧ್ಯಾಹ್ನ ಸರಿಯಾಗಿ ಉಣ್ಣಲಿಲ್ಲ.

ಜುಲೈ 21
ಕಷಾಯ ಇಲ್ಲ. ಕೇಳಿದೆ. “ಬೇಡ, ಬಿಡು” ಎಂದರು ಅತ್ತೆ.
ಸಂಜೆ ಇವರ ಫೋನ್. ಅತ್ತೆ ನನ್ನ ಕೈಯಿಂದ ತೆಗೆದುಕೊಂಡರು. “ಮಗಾ, ನೀನೂ ಡಾಕ್ಟರಿಗೆ ತೋರಿಸು. ಇಷ್ಟು ವರ್ಷ ಇವಳೊಬ್ಬಳಿಗೇ ಕುಡಿಸಿದೆ ನಾನು.”
ಡಾಕ್ಟರ್ ಅಂದದ್ದನ್ನು ನಾನು ಹೇಳಿಯೇ ಇರಲಿಲ್ಲ. ಸಂತೋಷ ಆಗಬೇಕಿತ್ತು... ನಿದ್ದೆ ಬಂತು, ಅಷ್ಟೆ.

ಸೆಪ್ಟೆಂಬರ್ 14
ಇಷ್ಟು ದಿನ ಬರೆಯಲು ಮನಸ್ಸಾಗಲಿಲ್ಲ. ಇವರೂ ಸರಿಯಾಗಿ ಮಾತಾಡಿರಲಿಲ್ಲ. ಯಾಕೂಬ್ ಅಳದಂಗಡಿಯಿಂದ ತಂದು ಕಟ್ಟಿದ ಕುಡಿ ಇವತ್ತು ಚಿಗುರಿದೆ.
ಈಗಷ್ಟೇ ಇವರ ಫೋನ್. “ಟೆಸ್ಟ್ ಆಯಿತು. ತೊಂದರೆ ನನ್ನದೇ ಅಂತೆ” ಎಂದರು. ಅಳುತ್ತಿದ್ದರು. ಐದು ವರ್ಷ ನಾನು ಅತ್ತದ್ದು ಗೊತ್ತುಂಟಾ ಎಂದು ಕೇಳಬೇಕೆನಿಸಿತು. “ಊಟ ಆಯಿತಾ” ಎಂದೆ.
ಅಂಗಳದಿಂದ ಅತ್ತೆ ಕೇಳುತ್ತಿದ್ದಾರೆ, “ಅವನದ್ದಾ ಫೋನ್? ಎಂತ ಹೇಳಿದ?”
ಹೋಗಬೇಕು. ಮೊದಲು ಕಸಿ ಚಿಗುರಿದ್ದು ಹೇಳುತ್ತೇನೆ. ಆಮೇಲೆ—