ಎಲ್ಲಾರೂ ಅಂದಂಗ

ಸೋಮವಾರ, ೧೪ ಜುಲೈ. ಸಾಂಗಲಿ.

ನಿದ್ದಿ ಬರವಲ್ದು. ಶ್ರಾವಣದ ಭಜನಿಗೆ ಈ ವರ್ಷ ಯಾರು ಮುಂದ ಹಾಡಬೇಕಂತ ಸಂಜೀಕ ಮಠದಾಗ ಕೂಡಿದ್ವಿ. "ಗುರುಪಾದ ಕಾಕಾರ ದನಿ ಈಗ ಮ್ಯಾಲೆ ಏರವಲ್ದು, ಪ್ರಣಿತಾ ಹಾಡಲಿ" ಅಂದ್ರು ನಮ್ಮ ಭಜನಿ ಮಂಡಳಿ ನಡಸೋ ಓಂಪ್ರಕಾಶ ಅಣ್ಣಾ. ಒಬ್ಬೊಬ್ಬರಾಗಿ ಹೂಂ ಅಂದ್ರು. ಹಿಂದ ಕುಂತು ದನಿಗೂಡಸೋ ಹುಡುಗಿ ಪ್ರಣಿತಾಳ ಮಾರಿ ಅರಳಿತು. ಇಷ್ಟು ವರ್ಷ ಮುಂದ ಹಾಡಿದ ಕಾಕಾ ತಲಿ ತಗ್ಗಿಸಿ ಕುಂತಿದ್ರು.

ಹಾರ್ಮೋನಿಯಂ ಪೇಟಿ ಬಾರಿಸಾಂವ ನಾನು. ಹಾಡಿನ ಸುರ ಒಂದೀಟು ಇಳಿಸಿದ್ರ ಕಾಕಾ ಇನ್ನೂ ಚಲೋ ಹಾಡ್ತಾರ. ಹೋದ ವಾರ ಅವರ ಅಂಗಡ್ಯಾಗ ಇಬ್ಬರೂ ಹಾಡಿ ನೋಡೇವಿ.

"ನೀ ಏನಂತಿ, ಸಿದ್ಧೇಶ್ವರ?" ಅಂತ ಅಣ್ಣಾ ಕೇಳಿದ್ರು.

ಎಲ್ಲಾರ ಮಾರಿ ನೋಡಿದೆ. "ಎಲ್ಲಾರೂ ಅಂದಂಗ" ಅಂದೆ.

ನಂದು ಯಾವಾಗಲೂ ಹಿಂಗ. ನಾಲ್ಕು ಮಂದ್ಯಾಗ ಕುಂತ್ರ ನನ್ನ ಮಾತು ನನಗ ಸಣ್ಣದು ಕಾಣತದ. ವಾದ ಬ್ಯಾಡಂತ ಸುಮ್ಮನಾಗತೇನಿ. ಅದಕ್ಕ ಮಂದಿ ನನ್ನ ಶ್ಯಾಣ್ಯಾ ಅಂತಾರ.

ಹೊರಗ ಚಪ್ಪಲಿ ಮೆಟ್ಟುವಾಗ ಕಾಕಾ ಸಿಟ್ಟಿಲ್ಲದ ಕೇಳಿದ್ರು, "ಸುರ ಇಳಿಸಿದ್ರ ಆಗತದ ಅಂತ ನಿನಗ ಗೊತ್ತಿತ್ತಲ್ಲೋ?"

"ಗೊತ್ತಿತ್ರಿ."

"ನೀ ಹೇಳ್ತಿ ಅಂತ ನಾ ಸುಮ್ಮನಿದ್ದೆ" ಅಂದ್ರು.

ನಾಳೆ ಅಣ್ಣಾಗ ಹೇಳಬೇಕು. ಆದ್ರ ಪ್ರಣಿತಾ ಇಷ್ಟೊತ್ತಿಗೆ ಮನಿ ತುಂಬ ಹೇಳಿ ಖುಷಿ ಪಟ್ಟಿರತಾಳ. ಈಗ ಬ್ಯಾಡ ಅಂದ್ರ ಆ ಹುಡುಗಿಗೆ ನೋವಾಗತದ. ಹೇಳಲೋ ಬ್ಯಾಡೋ, ಇನ್ನೂ ತಿಳೀವಲ್ದು.