ಮೊದಲ ಸೋರೆಕಾಯಿ

ಆಸ್ಪತ್ರೆಯ ಎರಡನೇ ಮಹಡಿಯಿಂದ
ಶುಕ್ರವಾರ, ಮಧ್ಯಾಹ್ನ

ಅಕ್ಕಾ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ನಾನು ಹೇಳುವ ಕೆಲಸ ಮಾಡಿ ಬಾ. ನಾನು ಕಳಿಸಿದ ಬೀಜದಿಂದ ಎದ್ದ ಸೋರೆಬಳ್ಳಿಯನ್ನು ಬುಡಸಮೇತ ಕಿತ್ತುಹಾಕು. ಕಾಯಿ ಎಷ್ಟೇ ಮುದ್ದಾಗಿದ್ದರೂ ಅಡುಗೆಮನೆಯೊಳಗೆ ತರಬೇಡ, ಪಕ್ಕದ ಮನೆಗೂ ಕೊಡಬೇಡ. ಕೈ ತೊಳೆದುಕೊಂಡು ಬಂದು, ಕೂತು ಮುಂದಿನದನ್ನು ಓದು.

ನಿನ್ನೆ ಫೋನಿನಲ್ಲಿ ಇದನ್ನೇ ಕೂಗಿ ಕೂಗಿ ಹೇಳಿದೆ. ನಿನ್ನ ಮಂದ ಕಿವಿಗೆ ಅದು ಹೇಗೆ ಬಿತ್ತೋ, "ಹೂಂ ಕಣೇ, ಭಾನುವಾರ ಕೊಯ್ತೀನಿ, ನಿನ್ನ ನೆನೆಸ್ಕೊಂಡೇ ತಿಂತೀನಿ" ಅಂದು ನೀನೇ ಫೋನ್ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ನಮ್ಮ ಕೆಳಗಿನ ಮನೆಯ ಬಸ್ ಡ್ರೈವರ್ ಇವತ್ತು ಸಂಜೆ ನಿಮ್ಮೂರಿಗೆ ಬರುತ್ತಾರೆ. ಕಾಗದ ನಿನ್ನ ಕೈಗೇ ಕೊಟ್ಟು, ನೀನು ಓದಿ ಮುಗಿಸುವವರೆಗೆ ಬಾಗಿಲಲ್ಲೇ ನಿಂತಿರಿ ಎಂದು ಕೈಮುಗಿದು ಕೇಳಿಕೊಂಡಿದ್ದೇನೆ.

ಎರಡು ವರ್ಷ ನನ್ನ ತಾರಸಿಯ ಸೋರೆಬಳ್ಳಿ ಬರೀ ಹೂ ಬಿಟ್ಟು ಉದುರಿಸಿತು. ನೀನು ನಿನ್ನ ಅಂಗಳದ ಅವರೆ, ಬದನೆಯ ಸುದ್ದಿ ಬರೆದಾಗಲೆಲ್ಲ ನನಗೆ ಖುಷಿಯ ಜೊತೆಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಈ ಸಲ ನಾನೂ ಹಾಕಿ ನಿನಗೂ ಕಳಿಸಿದ ಬೀಜ ನರ್ಸರಿಯದು, ಒಳ್ಳೆಯ ತಳಿ ಎಂದು ನಿನಗೆ ಬರೆದಿದ್ದೆನಲ್ಲ, ಅದು ಹಸೀ ಸುಳ್ಳು. ನನ್ನ ಹೊಲಿಗೆ ಅಂಗಡಿಯ ಹಿಂದೆ ಒಂದು ಪಾಳುಗೋಡೆ ಇದೆ. ಅದರ ಮೇಲೆ ಯಾರೂ ನೆಡದೆ ಹಬ್ಬಿದ್ದ ಬಳ್ಳಿಯ ಒಣಗಿದ ಕಾಯಿ ಒಡೆದು ತಂದ ಬೀಜ ಅದು. ಕೇಳುವವರಿಲ್ಲದೆಯೇ ಇಷ್ಟು ಸೊಂಪಾಗಿ ಬೆಳೆದಿದೆ, ಆರೈಕೆ ಮಾಡಿದರೆ ಇನ್ನೆಷ್ಟು ಬಿಟ್ಟೀತು ಎಂದು ಆಸೆಪಟ್ಟೆ. ಬಳ್ಳಿ ನಿಜಕ್ಕೂ ನೀರಿನ ಟ್ಯಾಂಕಿನವರೆಗೆ ಏರಿತು. ನೀನು ಹೇಳಿಕೊಟ್ಟ ಹಾಗೆ ಸಂಜೆ ಹೂ ಅರಳುವ ಹೊತ್ತಿಗೆ ಕಾದು, ಗಂಡು ಹೂವನ್ನು ಹೆಣ್ಣು ಹೂವಿಗೆ ಸವರಿದೆ. ಕಾಯಿ ನಿಂತಿತು.

ಮಂಗಳವಾರ ಬೆಳಿಗ್ಗೆ ಅದನ್ನು ಕೊಯ್ದೆ. ಇವರಿಗೆ ಸಕ್ಕರೆ ಕಾಯಿಲೆ ಬಂದಾಗಿನಿಂದ ಖಾಲಿ ಹೊಟ್ಟೆಗೆ ಹಸಿ ಸೋರೆಕಾಯಿ ರಸ ಕುಡಿಯುವ ಅಭ್ಯಾಸ. ಪೇಟೆಯ ಕಾಯಿ ಬಿಟ್ಟು ಮೊದಲ ಸಲ ನಮ್ಮ ಮನೆಯದೇ ರುಬ್ಬಿ ಕೊಟ್ಟೆ. ದೊಡ್ಡ ಲೋಟ ಖಾಲಿ ಮಾಡಿ, ಸ್ನಾನ ಮುಗಿಸಿ, ತಮ್ಮ ಗಡಿಯಾರ ರಿಪೇರಿ ಅಂಗಡಿಗೆ ಹೊರಡಲು ಶರಟಿನ ಗುಂಡಿ ಹಾಕುತ್ತಿದ್ದವರು ಹೊಟ್ಟೆ ಹಿಡಿದು ಕುಸಿದರು. ವಾಂತಿ. ಮೊದಲು ಹಸಿರು, ಆಮೇಲೆ ಕೆಂಪು. ಕೆಂಪು ಕಂಡದ್ದೇ ಕೆಳಗಿನ ಮನೆಗೆ ಕೇಳುವ ಹಾಗೆ ಕೂಗಿಕೊಂಡೆ. ಡ್ರೈವರ್ ಓಡಿ ಬಂದು ಅವರನ್ನು ಮಗುವಿನ ಹಾಗೆ ಎತ್ತಿಕೊಂಡು ಇಳಿದರು.

ಇಲ್ಲಿ ಡಾಕ್ಟರಮ್ಮ ಬೆಳಿಗ್ಗೆ ಏನು ತಿಂದರು, ಏನು ಕುಡಿದರು ಎಂದು ಕೇಳಿದಾಗ ನಾನು ಏನೂ ಇಲ್ಲ ಅಂದೆ. ಯಾಕೆ ಹಾಗಂದೆನೋ! ಕೈಯಾರೆ ಕೊಟ್ಟವಳು ನಾನೇ ಎಂಬ ಭಯಕ್ಕೆ ಬಾಯಿ ತಾನಾಗಿ ಮುಚ್ಚಿಕೊಂಡಿತು. ಎರಡು ತಾಸು ಅವರು ಏನೇನೋ ಪರೀಕ್ಷೆ ಮಾಡಿದರು. ರಕ್ತದೊತ್ತಡ ಇಳಿಯುತ್ತಲೇ ಹೋಯಿತು. ಇವರ ತುಟಿ ಬೂದಿಬಣ್ಣಕ್ಕೆ ತಿರುಗಿದ್ದನ್ನು ಕಂಡ ಮೇಲೆ ನಾನು ಓಡಿಹೋಗಿ ಆಕೆಯ ಕೋಟು ಹಿಡಿದುಕೊಂಡೆ.

"ಸೋರೆಕಾಯಿ ರಸ ಕುಡಿದ್ರು. ಮನೇಲಿ ಬೆಳೆದಿದ್ದು."

"ಈಗ ಹೇಳ್ತೀರಾ ಅಮ್ಮಾ? ಕಹಿ ಇತ್ತಾ?"

"ನಾನು ಕುಡೀಲಿಲ್ಲ ಡಾಕ್ಟ್ರೇ."

ಕಹಿ ಸೋರೆಕಾಯಿ ವಿಷವಂತೆ ಅಕ್ಕಾ. ಕಾಡುಬಳ್ಳಿಯದಂತೂ ಇನ್ನೂ ಜಾಸ್ತಿ. ಬೇಯಿಸಿದರೂ ಹೋಗುವುದಿಲ್ಲವಂತೆ. ಇನ್ನರ್ಧ ಲೋಟ ಹೋಗಿದ್ದರೆ ತಮ್ಮಿಂದಲೂ ಏನೂ ಮಾಡಲಾಗುತ್ತಿರಲಿಲ್ಲ ಎಂದು ಆಕೆ ನನ್ನ ಮುಖ ನೋಡದೆ ಹೇಳಿದರು. ಇನ್ನು ಮೇಲೆ ಯಾವ ಸೋರೆಕಾಯಿಯನ್ನೇ ಆಗಲಿ, ಒಂದು ಚೂರು ನಾಲಿಗೆಯ ತುದಿಗೆ ಇಟ್ಟು ನೋಡು. ಕಹಿ ಎನಿಸಿದರೆ ಉಗಿದು ಎಸೆದುಬಿಡು.

ಮೂರು ದಿನ ಗಾಜಿನ ಬಾಗಿಲ ಹೊರಗೆ ಕೂತಿದ್ದೆ. ಒಳಗೆ ಯಂತ್ರ ಕುಂಯ್ ಅಂದಾಗಲೆಲ್ಲ ಎದ್ದು ಗಾಜಿಗೆ ಮುಖ ಒತ್ತಿ ನೋಡುತ್ತಿದ್ದೆ. ಇವತ್ತು ಬೆಳಿಗ್ಗೆ ಗಂಡಾಂತರ ಕಳೆಯಿತು ಎಂದರು. ನಾಲ್ಕು ಚಮಚ ಗಂಜಿ ಕುಡಿದಿದ್ದಾರೆ. ಕೂದಲೆಳೆಯಂಥ ಸ್ಪ್ರಿಂಗು ಕೂರಿಸುವ ಕೈ, ಈಗ ಚಮಚ ಹಿಡಿದರೆ ನಡುಗುತ್ತದೆ. ನಾನು ಅತ್ತದ್ದಕ್ಕೆ ಅವರೇ ನನ್ನ ತಲೆ ಸವರಿ, "ಅಳಬೇಡ್ವೇ, ನಿಂಗೇನು ಗೊತ್ತಿತ್ತು?" ಅಂದರು.

ಬಳ್ಳಿ ಕಿತ್ತೆ ಎಂದು ಡ್ರೈವರ್ ಕೈಯಲ್ಲಿ ಎರಡು ಸಾಲು ಬರೆದು ಕೊಡು. ಅದು ಕೈಸೇರುವವರೆಗೆ ನನಗೆ ಅನ್ನ ಇಳಿಯುವುದಿಲ್ಲ.

ನಿನ್ನ
ಗುಬ್ಬಿ

ತಾ.ಕ.: ಕಾಗದ ಮಡಚಿದವಳು ಮತ್ತೆ ಬಿಚ್ಚಿದ್ದೇನೆ. ನನಗೆ ಗೊತ್ತಿತ್ತು ಅಕ್ಕಾ. ರಸ ಸೋಸುವಾಗ ಬೆರಳಿಗೆ ಹತ್ತಿದ್ದನ್ನು ನೆಕ್ಕಿದ್ದೆ. ನಾಲಿಗೆ ಮರಗಟ್ಟುವಷ್ಟು ಕಹಿ. ಇವರೂ ಒಂದೇ ಗುಟುಕಿಗೆ ಮುಖ ಹಿಂಡಿ, "ಇದೇನೇ ಹಿಂಗಿದೆ?" ಎಂದು ಲೋಟ ಕೆಳಗಿಟ್ಟರು. "ಎರಡು ವರ್ಷ ಕಾದು ಬೆಳೆದಿದ್ದೀನಿ, ಔಷಧಿ ಅಂದ್ಕೊಂಡು ಕಣ್ಮುಚ್ಚಿ ಕುಡೀರಿ" ಎಂದು ನಾನೇ ಮತ್ತೆ ಕೈಗೆ ಕೊಟ್ಟೆ. ಆ ಮಾತು ಅವರಿಗೆ ನೆನಪಿದೆಯೋ ಇಲ್ಲವೋ, ಕೇಳಲು ಭಯವಾಗುತ್ತಿದೆ.