ರಕ್ತ ಕಾಣದ ಏಟು

ಚೋವಾ ಚು ಕಾಂಗ್, ಸಿಂಗಪುರ
ಮಹಾಲಯ ಅಮಾವಾಸ್ಯೆ, ಭಾನುವಾರ
21 ಸೆಪ್ಟೆಂಬರ್ 2025

ಚಿರಂಜೀವಿ ಆತ್ರೇಯನಿಗೆ,

ಚನ್ನಪಟ್ಟಣದ ಜೆಟ್ಟಿ ಮನೆಯಲ್ಲಿ ಹುಟ್ಟಿ, ಮೈಸೂರಿನ ಜೆಟ್ಟಿ ಮನೆಗೆ ಸೊಸೆಯಾಗಿ ಬಂದು, ನಿನ್ನ ತಾತ ಹೋದ ಮೇಲೆ ಈ ಮನೆಗೆ ಹಿರಿಯಳಾಗಿರುವ ಪದ್ಮಜಾ ಬರೆಯುತ್ತಿದ್ದೇನೆ. ನೀವು ಯಾರೆಂದು ನನಗೆ ಗೊತ್ತಿಲ್ಲವೇ ಅಜ್ಜಿ ಎಂದು ನಗಬೇಡ. ಅಜ್ಜಿಯಾಗಿ ಹೇಳುವ ಮಾತು ಬೇರೆ, ಮನೆಯ ಹಿರಿಯಳಾಗಿ ಹೇಳುವ ಮಾತು ಬೇರೆ. ಈ ಕಾಗದದಲ್ಲಿರುವುದು ಎರಡನೆಯದು.

ನೀನು ಫೋನಿನಲ್ಲಿ ಕೇಳಿದ್ದಕ್ಕೆ ಇಷ್ಟು ದಿನ ಉತ್ತರ ಕೊಡಲಿಲ್ಲ. ನಿನಗೆ ಬೇಜಾರಾಗಿರಬಹುದು. ಬರೆದೆ, ಹರಿದೆ, ಮತ್ತೆ ಬರೆದೆ. ಎಸ್ಸೆಸ್ಸೆಲ್ಸಿ ಪಾಸಾದವಳಿಗೆ ಕಾಗದ ಬರೆಯುವುದು ಕಷ್ಟವಲ್ಲ. ಬರೆಯಬೇಕಾದ ವಿಷಯ ಕಷ್ಟದ್ದು. ನಿನ್ನ ಅಕ್ಕ ಸಂಹಿತಾ ನೋಡಿ, "ಅಜ್ಜಿ, ವಾಯ್ಸ್ ನೋಟ್ ಕಳಿಸಿದ್ರೆ ಸಾಕಲ್ವಾ? ಅವನಿಗೆ ಕನ್ನಡ ಓದೋಕೆ ಒಂದು ವಾರ ಬೇಕು" ಅಂದಳು. ಬೇಕಾದರೆ ಆಗಲಿ. ನಮ್ಮ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎನ್ನುವ ತೆರೆದ ಜಾಗದ ಕಲ್ಲಿನ ಮೇಜಿನ ಮೇಲೆ ನಾನೇ ತಿದ್ದಿಸಿದ ಅಕ್ಷರಗಳು. ನಿಧಾನವಾಗಿಯೇ ಓದು. ಫೋನಿನ ಮಾತು ಜಾರಿಹೋಗುತ್ತದೆ. ಕಾಗದವಾದರೆ ಬೇಕೆಂದಾಗ ಮತ್ತೆ ತೆಗೆದು ನೋಡಬಹುದು.

ಇಲ್ಲಿ ನಿನ್ನ ಅಪ್ಪ ಕೇಶವನಿಗೆ ಟುವಾಸ್‌ನಲ್ಲಿ ಕೆಲಸ ಹೆಚ್ಚಾಗಿದೆ. ಮುಖ ನೋಡಲು ಭಾನುವಾರವೇ ಬರಬೇಕು. ಸಂಹಿತಾ ಬ್ಯೂನಾ ವಿಸ್ಟಾದ ಆಫೀಸಿಗೆ ಹೋಗಿ ಬರುತ್ತಾಳೆ. ನಿನ್ನ ಅಮ್ಮ ನಳಿನಿ ನನ್ನ ಜೊತೆ ಮಾತು ಕಡಿಮೆ ಮಾಡಿದ್ದಾಳೆ. ನಾನು ಹೇಳಿದ ಕಥೆಗಳಿಂದಲೇ ನೀನು ಹೀಗಾದೆ ಎಂಬುದು ಅವಳ ದೂರು. ನಾನು ಅದನ್ನು ಒಪ್ಪುವುದಿಲ್ಲ. ಕಥೆ ಕೇಳಿದವರೆಲ್ಲ ಐಸ್ ಹಾಕಿ ಆಡಲು ಹೋಗಿ ಹೊಡೆದಾಡುವುದಿಲ್ಲ. ಜುರಾಂಗ್‌ನಲ್ಲಿ ನೀನು ಮೊದಲ ಸಲ ಸ್ಕೇಟ್ ಕಟ್ಟಿದ ಮಾಲ್ ಈಗಿಲ್ಲ. ಆದರೂ ಬಸ್ಸು ಆ ಕಡೆ ತಿರುಗಿದಾಗ ನನ್ನ ಪಾದ ತಣ್ಣಗಾಗುತ್ತದೆ. ಐಸಿನ ಸುತ್ತಲಿನ ಹಲಗೆಯ ಆಚೆ ನಿಂತು ನಿನಗಾಗಿ ಕಾಯುತ್ತಿದ್ದ ಆ ಥಂಡಿ ಇನ್ನೂ ಅಲ್ಲೇ ಎಲ್ಲೋ ಇದ್ದಂತೆ.

ಇವತ್ತು ನಿನ್ನ ತಾತನಿಗೆ ಎಡೆ ಇಟ್ಟೆವು. ವಡೆ, ಪಾಯಸ, ಅವರಿಗೆ ಇಷ್ಟವಾದ ಹೀರೆಕಾಯಿ ಬಜ್ಜಿ. ಬಾಲ್ಕನಿಯ ಕಟ್ಟೆಯ ಮೇಲೆ ಒಂದು ತುತ್ತು ಇಡಲು ಹೋದರೆ ನಿನ್ನ ಅಪ್ಪ ಹಿಂದೆಯೇ ಓಡಿ ಬಂದ.

"ಅಮ್ಮಾ, ಇಲ್ಲಿ ಹಕ್ಕಿಗೆ ಊಟ ಹಾಕಿದ್ರೆ ಫೈನ್ ಹಾಕ್ತಾರೆ!"

"ಹಾಕಲಿ. ನಿಮ್ಮಪ್ಪನ ಹೆಸರಿಗೇ ಬರೆಸು" ಎಂದೆ.

ಎಲ್ಲರೂ ನಕ್ಕರು. ಆದರೆ ಕಾಗೆ ಬರಲಿಲ್ಲ. ಮೈನಾಗಳು ಬಂದು ಇಣುಕಿ ನೋಡಿ ಹೋದವು. ಅನ್ನ ಸಂಜೆಯವರೆಗೆ ಹಾಗೆಯೇ ಇತ್ತು. ನಿನ್ನ ತಾತನಿಗೆ ಏನೋ ಸಮಾಧಾನವಿಲ್ಲ ಎಂದು ನನಗೆ ತಿಳಿಯಿತು. ಏನೆಂಬುದೂ ತಿಳಿಯಿತು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ತಂಡದವರು ಇನ್ನೊಂದು ವರ್ಷಕ್ಕೆ ಕರಾರು ಕೊಟ್ಟಿದ್ದಾರೆ, ಕ್ಯಾಂಪ್ ಶುರುವಾಗುತ್ತದೆ, ಪ್ರತಿ ವರ್ಷದ ಹಾಗೆ ಈ ನವಮಿಗೂ ವಿಡಿಯೋದಲ್ಲಿ ವಜ್ರಮುಷ್ಟಿಗೆ ಕುಂಕುಮ ಇಡಿ ಅಜ್ಜಿ ಎಂದು ಕೇಳಿದ್ದೀಯ. ದೇವರ ಗೂಡಿನಲ್ಲಿರುವ ಆ ಕೊಂಬಿನ ಮುಷ್ಟಿ ನಿನ್ನ ತಾತನದು. ಅದನ್ನು ಬೆರಳಿಗೆ ತೊಟ್ಟು, ತಲೆ ಬೋಳಿಸಿಕೊಂಡು, ವಿಜಯದಶಮಿಯ ದಿನ ಮೈಸೂರು ಅರಮನೆಯ ಅಂಗಳದಲ್ಲಿ ಕಾಳಗಕ್ಕೆ ಇಳಿದವರು ಅವರು. ನಮ್ಮ ಮನೆಯಲ್ಲಿ ಹಿರಿಯ ಹೆಂಗಸು ಕುಂಕುಮ ಇಟ್ಟು ಕೈಗೆ ಕೊಟ್ಟ ಮೇಲೆಯೇ ಗಂಡಸು ಹೊಸ್ತಿಲು ದಾಟುವುದು. ಅವಳು ಇಡದಿದ್ದರೆ ಆ ವರ್ಷ ಆ ಮನೆಯಿಂದ ಯಾರೂ ಇಳಿಯುವುದಿಲ್ಲ. ಏಳು ಸಮುದ್ರ ದಾಟಿ ಆ ಥಂಡಿ ದೇಶಕ್ಕೆ ಆಡಲು ಹೋದರೂ ನೀನು ಅದನ್ನು ಬಿಡಲಿಲ್ಲ. ಅದಕ್ಕೆ ನಾನು ಹೆಮ್ಮೆ ಪಟ್ಟಿದ್ದೇನೆ. ಈಗಲೂ ಪಡುತ್ತೇನೆ.

ಜೂನ್‌ನಲ್ಲಿ ನೀನು ಬಂದಾಗ ಊಟದ ಮೇಜಿನಲ್ಲಿ ಆದ ಜಗಳ ನಿನಗೆ ನೆನಪಿರಬಹುದು. ಸಂಹಿತಾ ಶುರು ಮಾಡಿದಳು. "ಫುಟ್‌ಬಾಲ್‌ನಲ್ಲಿ ಹೊಡೆದಾಡಿದ್ರೆ ಆಚೆ ಕಳಿಸ್ತಾರೆ. ನಿಮ್ಮ ಆಟದಲ್ಲಿ ಮಾತ್ರ ಐದು ನಿಮಿಷ ಪೆನಾಲ್ಟಿ ಡಬ್ಬದಲ್ಲಿ ಕೂರಿಸಿ ವಾಪಸ್ ಬಿಡ್ತಾರಾ? ಎಂಥ ಆಟನೋ ಅದು?"

"ಫೈಟ್ ಬೇಡ ಅನ್ನೋರು ಯಾರೂ ಐಸ್ ಮೇಲೆ ನಿಂತವರಲ್ಲ ಲಾ" ಎಂದೆ ನೀನು, ಇಲ್ಲಿಯವರ ಹಾಗೆ ಲಾ ಎಳೆದು. "ನಾನು ಇಲ್ಲ ಅಂದ್ರೆ ನಮ್ಮ ಸ್ಟಾರ್ ಪ್ಲೇಯರ್‌ಗೆ ಸ್ಟಿಕ್ಕಲ್ಲೇ ಹೊಡೆದು ಮಲಗಿಸ್ತಾರೆ. ನಾನು ಬೆಂಚ್ ಮೇಲೆ ಸುಮ್ನೆ ಕೂತಿದ್ರೂ ಸಾಕು, ಅವನನ್ನ ಯಾರೂ ಮುಟ್ಟಲ್ಲ."

"ಅದಕ್ಕೆ ರೆಫರಿ ಇದ್ದಾನಲ್ಲ!"

"ರೆಫರಿ ಪೆನಾಲ್ಟಿ ಕೊಡ್ತಾನೆ. ಭಯ ಕೊಡೋದು ನಾನು. ನೀನು ಜೆಟ್ಟಿ ಮನೆಯವಳೇ ಅಲ್ಲ ಬಿಡು, ಆಸ್ಪತ್ರೆಲಿ ಅದಲು ಬದಲಾಗಿದ್ದೀಯ."

"ಅತ್ತೆ, ನೀವಾದ್ರೂ ಹೇಳಿ ಅವನಿಗೆ" ಎಂದಳು ನಿನ್ನ ಅಮ್ಮ. ನಾನು ನಿನ್ನ ಪಕ್ಷ ವಹಿಸಿದೆ. ಹಿಂದಿನಿಂದ ಬಂದು ಕೋಲಿನಲ್ಲಿ ಹೊಡೆಯುವುದಕ್ಕಿಂತ ಎದುರು ನಿಂತು ಕೈಯಲ್ಲಿ ಹೊಡೆಯುವುದು ಮೇಲು ಎಂದೆ. ನಳಿನಿ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು, ಸಂಹಿತಾ ಅವಳ ಹಿಂದೆ ಹೋದಳು. ಮೇಜಿನಲ್ಲಿ ನಾವಿಬ್ಬರೇ ಉಳಿದೆವು.

ಹೊಡೆದಾಟವನ್ನು ಹೀನವೆನ್ನುವವಳು ನಾನಲ್ಲ, ಇವತ್ತಿಗೂ. ಆದರೆ ಆಮೇಲೆ ಕೂತು ಯೋಚಿಸಿದೆ. ನಿನ್ನ ವಿಡಿಯೋಗಳನ್ನು ಮತ್ತೆ ಮತ್ತೆ ಹಾಕಿಸಿ ನೋಡಿದೆ. ನಮ್ಮ ಕಾಳಗ ಪೂಜೆಯ ಒಂದು ಭಾಗ. ಸರಿಜೋಡಿಯನ್ನು ಹಿರಿಯರು ಕೂತು ನಿಶ್ಚಯಿಸುತ್ತಾರೆ. ಯಾರ ನೆತ್ತಿಯಿಂದಲೇ ಆಗಲಿ ಒಂದು ಹನಿ ರಕ್ತ ಕಂಡಿತೋ, ಉಸ್ತಾದರು ಕೈ ಅಡ್ಡ ಹಾಕುತ್ತಾರೆ. ಕಾಳಗ ಅಲ್ಲಿಗೆ ಮುಗಿಯಿತು. ನಿಮ್ಮಲ್ಲಿ ಪಟ್ಟೆ ಅಂಗಿಯ ರೆಫರಿಗಳು ಪಕ್ಕಕ್ಕೆ ನಿಂತು ಕಾಯುತ್ತಾರೆ. ಯಾರಾದರೂ ಬೀಳಬೇಕು, ಆಮೇಲೆ ಬಿಡಿಸುತ್ತಾರೆ. ಜನ ಎದ್ದು ನಿಂತು ಸುತ್ತಲಿನ ಗಾಜು ಬಡಿಯುತ್ತಾರೆ. ನೀವಿಬ್ಬರೂ ಡಬ್ಬದೊಳಗೆ ಹೋಗಿ ಕೂರುತ್ತೀರಿ. ಅವರು ಗೋಲಿನ ಲೆಕ್ಕಕ್ಕೆ ಮರಳುತ್ತಾರೆ. ಆಟ ನಿನಗಾಗಿ ನಿಲ್ಲುತ್ತದೆ ಕಂದ, ಆದರೆ ನೀನಿಲ್ಲದೆ ಮುಂದುವರಿಯುತ್ತದೆ. ಗೋಲು ಹೊಡೆಯುವವನೊಬ್ಬ, ಏಟು ತಿನ್ನುವವನು ನೀನು. ಅದನ್ನು ಆಟವೆನ್ನಲು ನನಗೆ ಮನಸ್ಸು ಬರುವುದಿಲ್ಲ, ಕಾಳಗವೆನ್ನಲು ಬಾಯಿ ಬರುವುದಿಲ್ಲ.

ನನ್ನ ದೊಡ್ಡಪ್ಪನ ಕಥೆ ನಿನಗೆ ಅರ್ಧ ಗೊತ್ತು. ಅರಮನೆಯ ಅಂಗಳದಲ್ಲಿ ಮೊದಲ ಏಟಿಗೇ ಎದುರಾಳಿಯ ನೆತ್ತಿಯಲ್ಲಿ ರಕ್ತ ತರಿಸಿದವರು. ಉಳಿದರ್ಧ ಕೇಳು. ವರ್ಷಕ್ಕೊಮ್ಮೆ ಬಿದ್ದ ಏಟು ಅವರನ್ನು ಏನೂ ಮಾಡಲಿಲ್ಲ. ಗಾಯ ಮಾಯಿತು, ಕೂದಲು ಬೆಳೆಯಿತು. ವರ್ಷವಿಡೀ ಗರಡಿಯಲ್ಲಿ, ಬಟ್ಟೆ ಸುತ್ತಿದ ಮುಷ್ಟಿಯಿಂದ ಅಭ್ಯಾಸಕ್ಕೆಂದು ತಿಂದ ಏಟುಗಳಿದ್ದವಲ್ಲ, ಒಂದು ಹನಿ ರಕ್ತವೂ ಬಾರದ ಏಟುಗಳು, ಅವು ಒಳಗೆ ಕೂತವು. ನಾನು ಮಿಡ್ಲ್ ಸ್ಕೂಲಿಗೆ ಹೋಗುತ್ತಿದ್ದ ಕಾಲಕ್ಕೆ ಅವರು ಬೇಸಿಗೆಯ ಮಟಮಟ ಮಧ್ಯಾಹ್ನ ಬಾಗಿಲಿಗೆ ಬಂದು ನಿಂತು, "ಕ್ಷೌರದವನು ಇನ್ನೂ ಬರಲಿಲ್ವಾ? ಇವತ್ತು ನನ್ನ ಜೋಡಿ ಇದೆ" ಎನ್ನುತ್ತಿದ್ದರು. ದಸರಾ ಎಂದೋ ಮುಗಿದಿತ್ತು. ಆ ಜೋಡಿ ಸತ್ತು ವರ್ಷಗಳಾಗಿದ್ದವು. ನನ್ನ ಅಜ್ಜಿ ಬೀದಿ ಬಾಗಿಲು ಮುಚ್ಚಿ, "ಬರ್ತಾನಪ್ಪ, ಬರ್ತಾನೆ, ಒಳಗೆ ಬಾ" ಎಂದು ಮಗನ ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದರು. ಮಕ್ಕಳಾದ ನಮಗೆ ಒಂದೇ ಕಟ್ಟಪ್ಪಣೆ: ಜೆಟ್ಟಿ ಮನೆಯ ಮಾತು ಹೊಸ್ತಿಲು ದಾಟಬಾರದು. ನಾನು ಇಷ್ಟು ವರ್ಷ ದಾಟಿಸಲಿಲ್ಲ.

ಕಳೆದ ಜನವರಿಯಲ್ಲಿ ನಿನ್ನ ಹೆಲ್ಮೆಟ್ ಕಳಚಿ, ಆ ಎತ್ತರದವನ ಏಟಿಗೆ ನೀನು ಅಂಗಾತ ಬಿದ್ದೆ. ತಲೆ ಐಸಿಗೆ ಬಡಿದದ್ದು ವಿಡಿಯೋದಲ್ಲಿ ಕೇಳಿಸುತ್ತದೆ. ನೀನು ಎದ್ದು, ಕೈ ಎತ್ತಿ, ನಗುತ್ತ ಹೋದೆ. ನಾನು ಕಣ್ಣಿಟ್ಟು ಹುಡುಕಿದ್ದು ರಕ್ತವನ್ನು. ನಮ್ಮ ಮನೆಯವರ ಕಣ್ಣು ಅದನ್ನೇ ಹುಡುಕುವುದು. ರಕ್ತ ಕಾಣಲಿಲ್ಲ. ಹುಡುಗನಿಗೆ ಏನೂ ಆಗಿಲ್ಲ ಎಂದು ಮೈಸೂರು ಪಾಕ್ ಮಾಡಿ ಎದುರು ಮನೆಯ ಚೀನೀ ಆಂಟಿಗೂ ಕೊಟ್ಟೆ.

ಈಗ ಮಧ್ಯಾಹ್ನ ಒಬ್ಬಳೇ ಇರುವಾಗ ಮೇಲಿನ ಮನೆಯಿಂದ ಗೋಲಿ ಬಿದ್ದು ಉರುಳಿದ ಸದ್ದು ಬರುತ್ತದೆ. ಇಲ್ಲಿ ಎಲ್ಲ ಬ್ಲಾಕಿನಲ್ಲೂ ಬರುವ ಸದ್ದೇ, ಪೈಪಿನದು ಎನ್ನುತ್ತಾನೆ ಕೇಶವ. ಇರಬಹುದು. ನನಗೆ ಉರುಳುವುದು ಕೇಳುವುದಿಲ್ಲ. ಮೊದಲ ಟಕ್ ಎನ್ನುವುದೊಂದೇ ಕೇಳುತ್ತದೆ. ಆಗ ನಿನ್ನ ತಾತನ ಕುರ್ಚಿಯ ಕಡೆ ನೋಡುತ್ತೇನೆ. ಅವರೂ ಕೇಳಿಸಿಕೊಂಡಿರುತ್ತಾರೆ.

ಆದ್ದರಿಂದ ಮನೆಯ ಹಿರಿಯಳಾಗಿ ಹೇಳುತ್ತೇನೆ. ಈ ನವಮಿಗೆ ನಾನು ಕುಂಕುಮ ಇಡುವುದಿಲ್ಲ. ಮುಂದಿನದಕ್ಕೂ ಇಲ್ಲ. ನೀನು ಹೇಡಿ ಎಂದಲ್ಲ. ಹೇಡಿಯಾಗಿದ್ದರೆ ನನಗೆ ಇಷ್ಟು ಕಷ್ಟವಿರಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕಿವಿ ಮುಚ್ಚುವ ಟೋಪಿ ಹಾಕಿಕೋ. ನಮ್ಮ ಜೆಟ್ಟಿಗಳ ಕುಲದೇವತೆ ನಿಂಬಜಾ ದೇವಿ ನಿನ್ನ ನೆತ್ತಿಯ ಮೇಲೆ ಕೈ ಇಟ್ಟು ಕಾಯಲಿ. ನೂರು ವರ್ಷ ಬಾಳು. ಆ ನೂರು ವರ್ಷವೂ ನಿನ್ನ ನೆನಪಿನಲ್ಲಿರಲಿ.

ಇತಿ ನಿನ್ನ ಅಜ್ಜಿ,
ಪದ್ಮಜಾ ಪಟ್ಟಾಭಿರಾಮ ಜೆಟ್ಟಿ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಲು ಹೋದೆ, ಕೈ ಬರಲಿಲ್ಲ.

ಜೂನ್‌ನ ಆ ಊಟದಲ್ಲಿ ನಾವಿಬ್ಬರೇ ಉಳಿದಾಗ ನೀನು ಖಾಲಿ ಕುರ್ಚಿಯ ಕಡೆ ನೋಡಿ, "ಅಜ್ಜಿ, ತಾತ ಇನ್ನೂ ಬಂದಿಲ್ವಾ? ಅವರ ಊಟ ಆರಿಹೋಗುತ್ತೆ" ಎಂದೆ. ತಮಾಷೆಯ ದನಿಯಾಗಿರಲಿಲ್ಲ. ಮಂಡಾಯ್ ಚಿತಾಗಾರದಲ್ಲಿ ಅವರಿಗೆ ಹೆಗಲು ಕೊಟ್ಟವನು ನೀನು. ಎಷ್ಟು ನಂಬಿಕೆಯಿಂದ ಕೇಳಿದೆ ಎಂದರೆ, ನಾನೂ ಬಾಗಿಲ ಕಡೆ ತಿರುಗಿ ನೋಡಿದೆ.

"ಕೆಳಗೆ ಪೇಪರ್ ಓದ್ತಿದ್ದಾರಪ್ಪ, ಬರ್ತಾರೆ, ನೀನು ಊಟ ಮಾಡು" ಎಂದೆ. ಬಾಯಿ ನನ್ನದು, ದನಿ ನನ್ನ ಅಜ್ಜಿಯದು. ನೀನು ತಲೆಯಾಡಿಸಿ ಮೊಸರನ್ನ ಕಲಸಿಕೊಂಡೆ. ಮರುದಿನ ನಿನಗೆ ಅದು ಯಾವುದೂ ನೆನಪಿರಲಿಲ್ಲ. ನಾನೂ ಯಾರಿಗೂ ಹೇಳಲಿಲ್ಲ.

ಮೊನ್ನೆ ಶುಕ್ರವಾರ ಹೇಳಿದೆ. ಸಂಹಿತಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಮ್ಮ ತಂಡದ ಡಾಕ್ಟರಿಗೆ ಫೋನ್ ಮಾಡಿಸಿದೆ. "ಐ ಆಮ್ ಹಿಸ್ ಗ್ರ್ಯಾಂಡ್‌ಮದರ್, ಹೆಡ್ ಆಫ್ ದಿ ಫ್ಯಾಮಿಲಿ" ಎಂದು ನಾನೇ ಶುರು ಮಾಡಿದೆ. ಉಳಿದದ್ದನ್ನು ಕನ್ನಡದಲ್ಲಿ ಹೇಳಿದೆ, ಅವಳು ಅಳುತ್ತ ಇಂಗ್ಲಿಷ್ ಮಾಡಿದಳು. ಕುರ್ಚಿಯ ವಿಷಯ, ಜನವರಿಯ ವಿಷಯ, ದೊಡ್ಡಪ್ಪನ ವಿಷಯ, ಎಲ್ಲ. ತಲೆ ಪರೀಕ್ಷೆ ಮಾಡದೆ ನಿನ್ನನ್ನು ಐಸಿಗೆ ಬಿಡುವುದಿಲ್ಲ ಎಂದು ಆತ ಮಾತು ಕೊಟ್ಟಿದ್ದಾರೆ. ಈ ಕಾಗದ ತಲುಪುವ ಮೊದಲೇ ನಿನ್ನನ್ನು ಕರೆದಿರುತ್ತಾರೆ. ಯಾರು ಚಾಡಿ ಹೇಳಿದರು ಎಂದು ನಿನ್ನ ಗೆಳೆಯರ ಮೇಲೆ ಸಿಟ್ಟಾಗಬೇಡ. ಹೇಳಿದವಳು ನಾನು.

ಸಿಟ್ಟಿದ್ದರೆ ಮನೆಗೆ ಬಂದು ಎದುರು ನಿಂತು ಬೈ. ತಲೆ ತಗ್ಗಿಸದೆ ಕೇಳಿಸಿಕೊಳ್ಳುತ್ತೇನೆ. ಮುಷ್ಟಿಯ ಮೇಲಿದ್ದ ಹಳೆಯ ಕುಂಕುಮವನ್ನೂ ಇವತ್ತು ತೊಳೆದೆ. ಒರೆಸಿ, ತಾತನ ಪಂಚೆಯ ತುಂಡಿನಲ್ಲಿ ಸುತ್ತಿ, ಗಂಟು ಹಾಕಿ ಇಟ್ಟಿದ್ದೇನೆ.